ಓದುಗರ ಓಲೆ: ಬುಗ್ ಹೊಳೆ ದಂಡೆಯ ಎರಿ ಸೀಮೆ

ಹೋದ ಸಂಚಿಕೆಯಲ್ಲಿ ಪೋಲೆಂಡಿನ ಹ್ರುಬ್ಯೆಶೂಫ್ ಅನ್ನುವ ಊರಿನ ಬಗ್ಗೆ ಜಮಖಂಡಿಯ ಓದುಗರೊಬ್ಬರ ಸಣ್ಣ ಪ್ರಶ್ನೆಯನ್ನು ಅಚ್ಚು ಹಾಕಿ, ಉತ್ತರ ಮುಂದಿನ ಸಲ ಅಂತ ಬರೆದಿದ್ದೆ. ಅದನ್ನು ಓದಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆಯಿಂದ ಅದೇ ಊರಿನ ಬಗ್ಗೆ ಪತ್ರ ಬಂದವು. ಹಾಗಾಗಿ ಈ ಸಲದ ಪುಟವೆಲ್ಲ ಅದಕ್ಕೇ ಇರಲಿ.

ಪ್ರಶ್ನೆ: ನಮ್ಮ ಅಳಿಯ ಪೋಲೆಂಡಿಗೆ ಕೆಲಸಕ್ಕೆ ಹೋಗಿದ್ದಾರೆ. ಹ್ರುಬ್ಯೆಶೂಫ್ ಅನ್ನುವ ಊರಿನ ಹತ್ತಿರ ಗೋಡೌನ್ ಕೆಲಸ. ವಿಡಿಯೊ ಕಾಲ್‌ನಲ್ಲಿ ಹೊಲ ತೋರಿಸಿದರು, ಥೇಟ್ ನಮ್ಮ ಎರಿ ಮಣ್ಣಿನ ಹಾಗೆ ಕರ್ರಗಿದೆ. ಅದು ಯಾವ ಜಿಲ್ಲೆ? ಮಣ್ಣೂ ನಮ್ಮಂಥದೇನಾ?
— ಓದುಗರು, ಜಮಖಂಡಿ

ಉತ್ತರ: ಊರಿನ ಹೆಸರೇ ಜಿಲ್ಲೆಗೂ ಇದೆ. ಹ್ರುಬ್ಯೆಶೂಫ್ ಜಿಲ್ಲೆ ಪೋಲೆಂಡಿನ ಆಗ್ನೇಯ ಮೂಲೆಯಲ್ಲಿ, ಲುಬ್ಲಿನ್ ಪ್ರಾಂತ್ಯದಲ್ಲಿದೆ. ಪೂರ್ವಕ್ಕೆ ಬುಗ್ ಹೊಳೆ. ಹೊಳೆ ದಾಟಿದರೆ ಉಕ್ರೇನ್. ಪೋಲೆಂಡಿನ ತೀರಾ ಪೂರ್ವದ ತುದಿ ಇರುವುದೂ ಇದೇ ಜಿಲ್ಲೆಯ ಜೋಶಿನ್ ಅನ್ನುವ ಹಳ್ಳಿಯ ಹತ್ತಿರ, ಹೊಳೆಯ ಒಂದು ತಿರುವಿನಲ್ಲಿ.

ಜಿಲ್ಲೆ ಅಂದಕೂಡಲೇ ನಮ್ಮ ಜಿಲ್ಲೆಯ ಅಳತೆ ತಲೆಯಲ್ಲಿ ಇಟ್ಟುಕೊಳ್ಳಬೇಡಿ. ಅವರು 'ಪೊವ್ಯಾತ್' ಅನ್ನುವುದನ್ನು ನಾವು ಜಿಲ್ಲೆ ಅಂತ ಬರೆಯುತ್ತೇವೆ, ಆದರೆ ಗಾತ್ರ ನೋಡಿದರೆ ಅದು ನಮ್ಮ ತಾಲ್ಲೂಕು. ಹ್ರುಬ್ಯೆಶೂಫ್ ಜಿಲ್ಲೆಯ ವಿಸ್ತೀರ್ಣ ಸುಮಾರು 1,270 ಚದರ ಕಿಲೋಮೀಟರ್, ಜನ ಅರವತ್ತು ಸಾವಿರದ ಆಸುಪಾಸು. ನಮ್ಮ ಬಾಗಲಕೋಟೆ ಜಿಲ್ಲೆಯೇ ಅದರ ಐದು ಪಟ್ಟು ದೊಡ್ಡದು. ಅದರ ಕೆಳಗೆ 'ಗ್ಮಿನಾ' ಇರುತ್ತದೆ, ನಮ್ಮ ಹೋಬಳಿ ಮತ್ತು ಗ್ರಾಮ ಪಂಚಾಯಿತಿ ಎರಡೂ ಸೇರಿದಂಥದ್ದು. ಇಲ್ಲಿ ಅಂಥವು 8. ಈಗಿನ ರೂಪದ ಜಿಲ್ಲೆಗಳು ಶುರುವಾದದ್ದು 1999ರ ಜನವರಿ 1ರಂದು. ಹೆಸರು ಮಾತ್ರ ಬಹಳ ಹಳೆಯದು, ಹ್ರುಬ್ಯೆಶೂಫ್‌ಗೆ ಪಟ್ಟಣದ ಹಕ್ಕು ಸಿಕ್ಕಿದ್ದು 1400ರಲ್ಲಿ, ಯಾಗೈಲೊ ಅನ್ನುವ ರಾಜನ ಕಾಲದಲ್ಲಿ.

ಇನ್ನು ಮಣ್ಣು. ಬಣ್ಣ ಒಂದೇ, ಹುಟ್ಟು ಬೇರೆ. ನಮ್ಮ ಎರಿ ಮಣ್ಣು ಹುಟ್ಟಿದ್ದು ಕಲ್ಲಿನಿಂದ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ ತುಂಬ ಹರಿದು ಗಟ್ಟಿಯಾದ ಲಾವಾ ಕಲ್ಲು ಸವೆದು ಸವೆದು ಈ ಜಿಗುಟು ಮಣ್ಣಾಯಿತು. ಅದಕ್ಕೇ ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಸಣ್ಣವನಿದ್ದಾಗ ಅಜ್ಜನ ಹೊಲದ ಬಿರುಕಿನಲ್ಲಿ ಮೊಣಕೈತನಕ ಕೈ ಇಳಿಸುತ್ತಿದ್ದೆ, ಒಳಗೆ ತಂಪು ಇರುತ್ತಿತ್ತು.

ಅವರ ಮಣ್ಣು ಹುಟ್ಟಿದ್ದು ಗಾಳಿ ಮತ್ತು ಹುಲ್ಲಿನಿಂದ. ಹಿಮಯುಗದಲ್ಲಿ ಗಾಳಿ ಹೊತ್ತು ತಂದ ಹಿಟ್ಟಿನಂಥ ದೂಳು ಅಲ್ಲಿ ದಪ್ಪಗೆ ಕೂತಿತು. ಅದರ ಮೇಲೆ ಸಾವಿರಾರು ವರ್ಷ ಹುಲ್ಲು ಬೆಳೆದು, ಬೇರು ಕೊಳೆತು, ಮಣ್ಣು ಕಪ್ಪಾಯಿತು. ಚಳಿಗೆ ಎಲ್ಲ ಹೆಪ್ಪುಗಟ್ಟುವುದರಿಂದ ಕೊಳೆತದ್ದು ಬೇಗ ಕರಗಿ ಹೋಗುವುದಿಲ್ಲ, ಮಣ್ಣಲ್ಲೇ ಉಳಿಯುತ್ತದೆ. ಇದನ್ನು ಚೆರ್ನೊಜೆಮ್ ಅನ್ನುತ್ತಾರೆ, ಅಂದರೆ ಕರಿ ಮಣ್ಣು ಅಂತಲೇ ಅರ್ಥ. ಉಕ್ರೇನಿನ ದೊಡ್ಡ ಕರಿ ಬಯಲಿನ ಪಶ್ಚಿಮದ ಅಂಚು ಇದು. ಕೈಯಲ್ಲಿ ಹಿಡಿದರೆ ಪುಡಿಪುಡಿಯಾಗುತ್ತದೆ, ನಮ್ಮದರ ಹಾಗೆ ಕಾಲಿಗೆ ಮೆತ್ತಿಕೊಂಡು ಚಪ್ಪಲಿ ಕಿತ್ತುಕೊಳ್ಳುವುದಿಲ್ಲ. ಆ ಹುಲ್ಲುಗಾವಲಿನ ನೆನಪಾಗಿ ಮೈಮೇಲೆ ಚುಕ್ಕೆ ಇರುವ ಒಂದು ನೆಲ ಅಳಿಲು ಈಗಲೂ ಆ ಭಾಗದಲ್ಲಿ ಉಳಿದಿದೆ. ಪೋಲೆಂಡಿನ ಬೇರೆ ಕಡೆ ಅದು ಸಿಗುವುದಿಲ್ಲ.

ಮಳೆಯ ಲೆಕ್ಕ ಹೇಳಿದರೆ ನಿಮಗೆ ಆಶ್ಚರ್ಯ ಆಗಬಹುದು. ವಿಜಯಪುರಕ್ಕೂ ಹ್ರುಬ್ಯೆಶೂಫ್‌ಗೂ ವರ್ಷದ ಮಳೆ ಹೆಚ್ಚುಕಡಿಮೆ ಒಂದೇ, 600 ಮಿಲಿಮೀಟರ್ ಆಸುಪಾಸು. ನಮಗೆ ಅದು ನಾಲ್ಕು ತಿಂಗಳಲ್ಲಿ ಬಂದು ಹೋಗುತ್ತದೆ, ಉಳಿದದ್ದನ್ನು ಬಿಸಿಲು ಎಳೆದುಕೊಳ್ಳುತ್ತದೆ. ಅವರಿಗೆ ಅದೇ ನೀರು ಹನ್ನೆರಡು ತಿಂಗಳು ಹಂಚಿಕೊಂಡು ಬರುತ್ತದೆ, ಒಂದಿಷ್ಟು ಹಿಮವಾಗಿ. 'ಡೋಣಿ ಬೆಳೆದರೆ ಓಣಿಯೆಲ್ಲ ಕಾಳು' ಅಂತೀವಲ್ಲ, ಅಲ್ಲಿ ನಮ್ಮ ಡೋಣಿ ಹೊಳೆಯ ದಂಡೆಯಂಥ ನೆಲಕ್ಕೆ ಮಳೆಯ ಚಿಂತೆ ಕಡಿಮೆ ಅಂತ ಇಟ್ಟುಕೊಳ್ಳಿ. ಗೋಧಿ, ಎಣ್ಣೆಗೆ ಬೆಳೆಯುವ ಹಳದಿ ಹೂವಿನ ರೇಪ್ ಅನ್ನುವ ಸಾಸಿವೆ ಜಾತಿಯ ಬೆಳೆ, ಮತ್ತು ಸಕ್ಕರೆ ಬೀಟ್. ಇವು ಅಲ್ಲಿನ ಮುಖ್ಯ ಬೆಳೆ.

ಪ್ರಶ್ನೆ: ಅಲ್ಲಿ ಸಕ್ಕರೆ ಫ್ಯಾಕ್ಟರಿ ಇದೆ ಅಂತ ಕೇಳಿದೆ. ಆ ಚಳಿಯಲ್ಲಿ ಕಬ್ಬು ಎಲ್ಲಿಂದ?
— ಕಬ್ಬು ಬೆಳೆಗಾರರು, ಮುಧೋಳ

ಉತ್ತರ: ಕಬ್ಬು ಇಲ್ಲ, ಗಡ್ಡೆ. ಸಕ್ಕರೆ ಬೀಟ್ ನಮ್ಮ ಕೆಂಪು ಬೀಟ್‌ರೂಟಿನ ಬಿಳಿ ತಮ್ಮ, ದಪ್ಪ ಮೂಲಂಗಿಯ ಹಾಗೆ ಕಾಣುತ್ತದೆ. ಹ್ರುಬ್ಯೆಶೂಫ್‌ನ ಪಕ್ಕದ ವೆರ್ಬ್ಕೊವಿತ್ಸೆಯಲ್ಲಿ ಫ್ಯಾಕ್ಟರಿ ಇದೆ. ಸರಕಾರದ ಪಾಲು ಜಾಸ್ತಿ ಇರುವ ಕಂಪನಿಯದು.

ನಿಮಗೆ ಬೇಕಾದ ಲೆಕ್ಕ ಹೇಳುತ್ತೇನೆ. ವಸಂತದಲ್ಲಿ ಬಿತ್ತಿ ಸೆಪ್ಟೆಂಬರ್ ಹೊತ್ತಿಗೆ ಕೀಳಲು ಶುರು ಮಾಡುತ್ತಾರೆ, ಅಂದರೆ ಆರು ತಿಂಗಳ ಬೆಳೆ. ಎಕರೆಗೆ 25 ಟನ್ ಆಸುಪಾಸು ಬರುತ್ತದೆ. ಗಡ್ಡೆಯಲ್ಲಿ ಸಕ್ಕರೆ ಅಂಶ ಶೇ 16ರಿಂದ 18. ನಮ್ಮ ಕಬ್ಬಿನ ರಿಕವರಿ ಶೇ 10, 11 ಅಂತ ನಾವು ಫ್ಯಾಕ್ಟರಿ ಮುಂದೆ ಜಗಳ ಆಡುತ್ತೇವಲ್ಲ, ಅದರ ಪಕ್ಕ ಇಟ್ಟು ನೋಡಿ. ಆದರೆ ಕಬ್ಬಿಗೆ ಒಂದು ದೊಡ್ಡ ಅನುಕೂಲ ಇದೆ, ಅದು ತನ್ನ ಸೌದೆಯನ್ನು ತಾನೇ ತರುತ್ತದೆ. ಸಿಪ್ಪೆ ಸುಟ್ಟು ಫ್ಯಾಕ್ಟರಿಯೂ ನಡೆಯುತ್ತದೆ, ಕರೆಂಟೂ ಮಾರಾಟ ಆಗುತ್ತದೆ. ಬೀಟ್‌ನಲ್ಲಿ ಸುಡುವುದಕ್ಕೆ ಏನೂ ಇಲ್ಲ. ಕಲ್ಲಿದ್ದಲೋ ಗ್ಯಾಸೋ ಕೊಂಡು ತರಬೇಕು. ಉಳಿದ ತಿರುಳು ದನಕ್ಕೆ ಮೇವು.

ಗಾಣ ಇಲ್ಲ ಅಲ್ಲಿ. ಗಡ್ಡೆ ತೊಳೆದು, ಚಿಪ್ಸಿನ ಹಾಗೆ ಎಳೆಎಳೆಯಾಗಿ ಹೆಚ್ಚಿ, ಬಿಸಿ ನೀರಿನಲ್ಲಿ ನೆನೆಸಿ ಸಿಹಿ ಇಳಿಸಿಕೊಳ್ಳುತ್ತಾರೆ. ಆಮೇಲೆ ಸುಣ್ಣ ಹಾಕಿ ರಸ ತಿಳಿ ಮಾಡಿ, ಕುದಿಸಿ, ಹರಳು ಕಟ್ಟಿಸುವುದು ನಮ್ಮ ಥರವೇ. ಕಡಿಯುವ ಗ್ಯಾಂಗು ಇಲ್ಲ, ಆರು ಸಾಲು ಒಟ್ಟಿಗೆ ಕೀಳುವ ಯಂತ್ರ ಬರುತ್ತದೆ. ಗಡ್ಡೆಯನ್ನು ಹೊಲದ ಬದುವಿನಲ್ಲಿ ಒಟ್ಟಿ ಇಡುತ್ತಾರೆ, ಫ್ಯಾಕ್ಟರಿ ಹೇಳಿದ ದಿನ ಲಾರಿ ಬಂದು ತುಂಬಿಕೊಂಡು ಹೋಗುತ್ತದೆ. ರಾತ್ರಿಯೆಲ್ಲ ಡಬಲ್ ಟ್ರಾಲಿ ಸಾಲಿನಲ್ಲಿ ನಿಂತು ಚಳಿ ಕಾಯಿಸಿದವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಮಾತು. ಬೀಟ್‌ನಿಂದ ಸಕ್ಕರೆ ತೆಗೆಯುವ ಜಗತ್ತಿನ ಮೊದಲ ಫ್ಯಾಕ್ಟರಿ ಶುರುವಾದ ಊರು, ಕೊನಾರಿ, ಈಗ ಪೋಲೆಂಡಿನಲ್ಲೇ ಇದೆ. ಹ್ರುಬ್ಯೆಶೂಫ್‌ನಿಂದ ಬಹಳ ದೂರ, ಪಶ್ಚಿಮದಲ್ಲಿ. 1801–02ರಲ್ಲಿ ಫ್ರಾನ್ಸ್ ಕಾರ್ಲ್ ಅಖಾರ್ಡ್ ಅನ್ನುವ ವಿಜ್ಞಾನಿ ಅದನ್ನು ನಡೆಸಿದ, ಆಗ ಆ ಜಾಗ ಪ್ರಶಿಯಾದ್ದು. ಅಲ್ಲಿನ ಫ್ಯಾಕ್ಟರಿಗಳಿಗೂ ಕಷ್ಟ ತಪ್ಪಿಲ್ಲ. 1990ರ ಹೊತ್ತಿಗೆ ಪೋಲೆಂಡಿನಲ್ಲಿ ಎಪ್ಪತ್ತಕ್ಕೂ ಜಾಸ್ತಿ ಸಕ್ಕರೆ ಫ್ಯಾಕ್ಟರಿ ಇದ್ದವು, ಈಗ ಇಪ್ಪತ್ತೂ ಉಳಿದಿಲ್ಲ. ವೆರ್ಬ್ಕೊವಿತ್ಸೆಯದು ಉಳಿದವುಗಳಲ್ಲಿ ಒಂದು.

ಪ್ರಶ್ನೆ: ನಾನು ಹಳ್ಳಿಯ ಕೃಷಿ ಪತ್ತಿನ ಸಂಘದಲ್ಲಿ ಕಾರ್ಯದರ್ಶಿ. ಏಷ್ಯಾದ ಮೊದಲ ಕೃಷಿ ಸಹಕಾರ ಸಂಘ ನಮ್ಮ ಗದಗಿನ ಕಣಗಿನಹಾಳದ್ದು ಅಂತ ಎಲ್ಲರಿಗೂ ಗೊತ್ತು. ಯುರೋಪಿನ ಮೊದಲ ಸಂಘ ಈ ಹ್ರುಬ್ಯೆಶೂಫ್‌ನದ್ದು ಅಂತ ಒಬ್ಬರು ಹೇಳಿದರು. ನಿಜಾನಾ?
— ಓದುಗರು, ಸಿಂದಗಿ

ಉತ್ತರ: ಯುರೋಪಿನ ತೀರಾ ಮೊದಲ ಸಂಘಗಳಲ್ಲಿ ಒಂದು ಅನ್ನುವುದು ನಿಜ. ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಧನ್ಯವಾದ ಹೇಳಬೇಕು, ಇಡೀ ಜಿಲ್ಲೆಯ ಕತೆಯಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇದು.

ಸ್ತಾನಿಸ್ವಾಫ್ ಸ್ತಾಶಿತ್ಸ್ ಅಂತ ಒಬ್ಬರಿದ್ದರು. ಹುಟ್ಟಿದ್ದು 1755ರಲ್ಲಿ. ಪಾದ್ರಿ, ಲೇಖಕ, ಕಲ್ಲು ಮಣ್ಣಿನ ವಿಜ್ಞಾನಿ, ಪೋಲೆಂಡಿನ ಭೂವಿಜ್ಞಾನಕ್ಕೆ ಅಡಿಪಾಯ ಹಾಕಿದವರು. ಪೇಟೆಯ ಸಾಮಾನ್ಯ ಮನೆತನದವರು, ಜಹಗೀರದಾರರ ಪೈಕಿ ಅಲ್ಲ. ಆಗಿನ ಕಾನೂನಿನಲ್ಲಿ ಅಂಥವರು ದೊಡ್ಡ ಜಮೀನು ಕೊಳ್ಳುವ ಹಾಗಿರಲಿಲ್ಲ. 19ನೇ ಶತಮಾನದ ಶುರುವಿನಲ್ಲಿ ಒಬ್ಬ ಸಿರಿವಂತ ಹೆಂಗಸಿನ ಹೆಸರಿನಲ್ಲಿ ಹ್ರುಬ್ಯೆಶೂಫ್‌ನ ಜಹಗೀರನ್ನು ಕೊಂಡರು. ಪಟ್ಟಣವೂ ಸುತ್ತಲಿನ ಹಳ್ಳಿಗಳೂ ಅದರಲ್ಲಿದ್ದವು. ಆ ಕಾಲದ ರೈತ ಅಂದರೆ ಜಹಗೀರಿನ ಆಳು. ವಾರದಲ್ಲಿ ಇಷ್ಟು ದಿನ ಒಡೆಯನ ಹೊಲದಲ್ಲಿ ಬಿಟ್ಟಿ ದುಡಿಯಲೇಬೇಕು.

1816ರಲ್ಲಿ ಸ್ತಾಶಿತ್ಸ್ ಆ ಬಿಟ್ಟಿ ಚಾಕರಿ ತೆಗೆದರು. ಜಮೀನನ್ನು ರೈತರಿಗೇ ವಂಶಪಾರಂಪರ್ಯವಾಗಿ ಬಿಟ್ಟುಕೊಟ್ಟರು. ಎಲ್ಲರನ್ನೂ ಒಂದು ಸಂಘಕ್ಕೆ ಸೇರಿಸಿದರು. ಸಂಘದ ಹೆಸರನ್ನು ಕನ್ನಡಕ್ಕೆ ತಂದರೆ 'ಆಪತ್ತಿನಲ್ಲಿ ಒಟ್ಟಾಗಿ ಪಾರಾಗುವ ಹ್ರುಬ್ಯೆಶೂಫ್ ಕೃಷಿ ಸಂಘ' ಅಂತ ಆಗುತ್ತದೆ. ಹೆಸರಲ್ಲೇ ಕೆಲಸ ಇದೆ. ಮನೆಗೆ ಬೆಂಕಿ ಬಿದ್ದರೆ ಎಲ್ಲರೂ ಸೇರಿ ಕಟ್ಟಿಕೊಡಬೇಕು, ಅನಾಥ ಮಕ್ಕಳನ್ನು ನೋಡಿಕೊಳ್ಳಬೇಕು. ಸಂಘದ ಜಮೀನು ಮತ್ತು ಗಿರಣಿಗಳಿಂದ ಬಂದ ಹಣದಲ್ಲಿ ಶಾಲೆ, ಆಸ್ಪತ್ರೆ, ಸಾಲದ ನಿಧಿ ನಡೆಯಬೇಕು. 1822ರಲ್ಲಿ ರಷ್ಯಾದ ತ್ಸಾರ್ ಮೊದಲನೇ ಅಲೆಕ್ಸಾಂಡರ್ ಇದಕ್ಕೆ ಒಪ್ಪಿಗೆ ಕೊಟ್ಟ, ಯಾಕೆಂದರೆ ಆಗ ಆ ಭಾಗ ಅವನ ಕೈಯಲ್ಲಿತ್ತು.

ವರ್ಷಗಳನ್ನು ಜೋಡಿಸಿ ನೋಡಿ. ಸಹಕಾರದ ಪಾಠದಲ್ಲಿ ನಾವು ಓದುವ ಇಂಗ್ಲೆಂಡಿನ ರೋಚ್‌ಡೇಲ್ ಅಂಗಡಿ ಶುರುವಾದದ್ದು 1844ರಲ್ಲಿ. ರಷ್ಯಾದ ಕೈಯಲ್ಲಿದ್ದ ಪೋಲೆಂಡಿನ ಉಳಿದ ರೈತರಿಗೆ ಜಮೀನು ಸಿಕ್ಕಿದ್ದು 1864ರಲ್ಲಿ. ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ್ದು 1905ರಲ್ಲಿ. ಒಂದು ಕೊರತೆಯನ್ನೂ ಹೇಳಿಬಿಡುತ್ತೇನೆ. ಎಲ್ಲರಿಗೂ ಒಂದೇ ಅಳತೆಯ ಹೊಲ ಸಿಗಲಿಲ್ಲ, ಜಾಸ್ತಿ ಇದ್ದವರಿಗೆ ಜಾಸ್ತಿಯೇ ಉಳಿಯಿತು. ಆದರೂ ಆ ಸಂಘ ನೂರಕ್ಕೂ ಹೆಚ್ಚು ವರ್ಷ ಬಾಳಿತು. ಎರಡನೇ ಮಹಾಯುದ್ಧ ಮುಗಿದು ಕಮ್ಯುನಿಸ್ಟ್ ಆಡಳಿತ ಬಂದಾಗ ಕೊನೆಯಾಯಿತು.

ಪ್ರಶ್ನೆ: ಎರಡನೇ ಮಹಾಯುದ್ಧದ ಕಾಲಕ್ಕೆ ಕೊಲ್ಹಾಪುರದ ಹತ್ತಿರ ಪೋಲೆಂಡಿನ ಜನ ಇದ್ದರು ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು. ಅವರು ಈ ಜಿಲ್ಲೆಯವರೇನಾ?
— ಓದುಗರು, ನಿಪ್ಪಾಣಿ

ಉತ್ತರ: ಅಜ್ಜಿ ಹೇಳಿದ್ದು ನಿಜ. ಕೊಲ್ಹಾಪುರದ ಪಕ್ಕದ ವಳಿವಡೆಯಲ್ಲಿ 1943ರಿಂದ 1948ರವರೆಗೆ ಸುಮಾರು 5,000 ಪೋಲಿಷ್ ಜನ ಇದ್ದರು. ಹೆಚ್ಚಿನವರು ಹೆಂಗಸರು, ಮಕ್ಕಳು. ಶಾಲೆ, ಚರ್ಚು, ನಾಟಕ ಎಲ್ಲ ಕಟ್ಟಿಕೊಂಡಿದ್ದರು. ಅವರು ಹೋದ ಮೇಲೆ ದೇಶ ವಿಭಜನೆಯಲ್ಲಿ ಮನೆಮಠ ಕಳೆದುಕೊಂಡು ಬಂದ ಸಿಂಧಿಗಳು ಅದೇ ಕ್ಯಾಂಪಿನಲ್ಲಿ ನೆಲೆ ನಿಂತರು. ಅದೇ ಈಗಿನ ಗಾಂಧಿನಗರ. ನಿಪ್ಪಾಣಿ, ಚಿಕ್ಕೋಡಿ ಕಡೆಯವರು ಮದುವೆ ಬಟ್ಟೆ ಹೋಲ್‌ಸೇಲ್‌ನಲ್ಲಿ ತರಲು ಹೋಗುವ ಗಾಂಧಿನಗರವೇ.

ಆದರೆ ಅವರಲ್ಲಿ ಹೆಚ್ಚಿನವರು ಬಂದದ್ದು ಹ್ರುಬ್ಯೆಶೂಫ್‌ನಿಂದಲ್ಲ, ಬುಗ್ ಹೊಳೆಯ ಆಚೆ ದಂಡೆಯಿಂದ. 1939ರ ಸೆಪ್ಟೆಂಬರ್‌ನಲ್ಲಿ ಜರ್ಮನಿ ಮತ್ತು ಸೋವಿಯತ್ ಒಕ್ಕೂಟ ಸೇರಿ ಪೋಲೆಂಡನ್ನು ಹಂಚಿಕೊಂಡಾಗ ಈ ಭಾಗದಲ್ಲಿ ಹೊಳೆಯೇ ಗಡಿಯಾಯಿತು. ಆಗ ಆಚೆಗಿನ ಊರುಗಳೂ ಪೋಲೆಂಡಿನವೇ. 1940ರ ಫೆಬ್ರವರಿಯ ಕೊರೆಯುವ ಚಳಿಯಲ್ಲಿ ಆಚೆ ದಂಡೆಯ ಪೋಲಿಷ್ ಕುಟುಂಬಗಳನ್ನು ಸೋವಿಯತ್ ಸರಕಾರ ರೈಲಿಗೆ ತುಂಬಿ ಸೈಬೀರಿಯಾ, ಕಜಾಕಿಸ್ತಾನಕ್ಕೆ ಸಾಗಿಸಲು ಶುರು ಮಾಡಿತು. 1941ರಲ್ಲಿ ಜರ್ಮನಿ ಸೋವಿಯತ್ ಮೇಲೆ ದಂಡೆತ್ತಿ ಹೋದ ಮೇಲೆ ಇವರಿಗೆ ಬಿಡುಗಡೆ ಸಿಕ್ಕಿತು. ಬದುಕಿ ಉಳಿದವರಲ್ಲಿ ಹಲವರು 1942ರಲ್ಲಿ ಇರಾನ್ ಮುಟ್ಟಿದರು. ಅಲ್ಲಿಂದ ಕೆಲವರು ನಮ್ಮ ಕಡೆ ಬಂದರು. ಕೊಲ್ಹಾಪುರದ ಮಹಾವೀರ ಗಾರ್ಡನ್‌ನಲ್ಲಿ ಅವರ ನೆನಪಿನ ಸ್ತಂಭ ಇದೆ. ಮುಂದಿನ ಸಲ ಅಂಬಾಬಾಯಿ ದರ್ಶನಕ್ಕೆ ಹೋದಾಗ ಅದನ್ನೂ ನೋಡಿ ಬನ್ನಿ.

ಪ್ರಶ್ನೆ: ನಮ್ಮ ಹಳೇ ಬಾಗಲಕೋಟೆಯ ಮನೆ ಆಲಮಟ್ಟಿ ಹಿನ್ನೀರಿಗೆ ಹೋಯಿತು, ಈಗ ನವನಗರದಲ್ಲಿದ್ದೇವೆ. ಬುಗ್ ಹೊಳೆಯ ಈಚೆ ದಂಡೆಯಲ್ಲಿ, ಹ್ರುಬ್ಯೆಶೂಫ್ ಕಡೆ, ಉಳಿದ ಜನ ಏನಾದರು? ಅವರಾದರೂ ನೆಮ್ಮದಿಯಾಗಿ ಇದ್ದರಾ?
— ಓದುಗರು, ಬಾಗಲಕೋಟೆ

ಉತ್ತರ: ಇಲ್ಲ ಅಕ್ಕಾ, ಇರಲಿಲ್ಲ. ನಿಮ್ಮ ಪತ್ರಗಳ ಜೊತೆ ಈ ಪ್ರಶ್ನೆ ಬಂದಾಗ ಇದಕ್ಕೆ ಚುಟುಕಾಗಿ ಉತ್ತರ ಕೊಡಲು ಆಗುವುದಿಲ್ಲ ಅನ್ನಿಸಿತು.

ಯುದ್ಧದ ಮುಂಚೆ ಹ್ರುಬ್ಯೆಶೂಫ್ ಪಟ್ಟಣದ ಅರ್ಧದಷ್ಟು ಜನ ಯಹೂದಿಗಳು. ಹಳ್ಳಿಗಳಲ್ಲಿ ಪೋಲರು ಮತ್ತು ಉಕ್ರೇನಿಯರು ಬೆರೆತು ಇದ್ದರು. ಪಟ್ಟಣದಲ್ಲಿ ಕ್ಯಾಥೊಲಿಕ್ ಚರ್ಚು, ಆರ್ಥೊಡಾಕ್ಸ್ ಚರ್ಚು, ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್ ಮೂರೂ ಇದ್ದವು. ವಾರದ ಸಂತೆಯಲ್ಲಿ ಮೂರು ಭಾಷೆ ಕೇಳುತ್ತಿತ್ತು. ಬೆಳಗಾವಿಯಲ್ಲಿ ಕೂತು ಬರೆಯುವ ನನಗೆ ಅಂಥ ಸಂತೆ ಕಣ್ಣಿಗೆ ಕಟ್ಟುತ್ತದೆ.

1939ರ ಡಿಸೆಂಬರ್ ಮೊದಲ ವಾರದಲ್ಲಿ ಜರ್ಮನ್ನರು ಪಕ್ಕದ ಹೆವ್ಮ್ ಊರಿನ ಮತ್ತು ಹ್ರುಬ್ಯೆಶೂಫ್‌ನ ಯಹೂದಿ ಗಂಡಸರನ್ನು ಸೇರಿಸಿ ಬುಗ್ ಹೊಳೆಯ ಕಡೆಗೆ ನಡೆಸಿಕೊಂಡು ಹೋದರು. ದಾರಿಯಲ್ಲಿ ನೂರಾರು ಜನರಿಗೆ ಗುಂಡು ಹೊಡೆದರು. ಊರಲ್ಲಿ ಉಳಿದ ಯಹೂದಿಗಳಲ್ಲಿ ಹೆಚ್ಚಿನವರನ್ನು 1942ರಲ್ಲಿ ಸೊಬಿಬೂರ್ ಅನ್ನುವ ಕೊಲ್ಲುವ ಕ್ಯಾಂಪಿಗೆ ಸಾಗಿಸಿದರು. ಅರ್ಧ ಪಟ್ಟಣ ಹೀಗೆ ಇಲ್ಲವಾಯಿತು.

ಆಮೇಲೆ ಪೋಲರ ಸರದಿ. 1942ರ ನವೆಂಬರ್‌ನಿಂದ 1943ರವರೆಗೆ ಜಾಮೊಶ್ಚ್ ಸೀಮೆಯ ಒಂದು ಲಕ್ಷಕ್ಕೂ ಜಾಸ್ತಿ ಜನರನ್ನು ಹಳ್ಳಿಗಳಿಂದ ಎಬ್ಬಿಸಿದರು. ಹ್ರುಬ್ಯೆಶೂಫ್ ಆ ಸೀಮೆಗೆ ಸೇರಿದ್ದೇ. ಈ ಒಳ್ಳೇ ಮಣ್ಣಿನಲ್ಲಿ ಜರ್ಮನ್ ಒಕ್ಕಲುಗಳನ್ನು ಕೂರಿಸಬೇಕು ಅಂತ ಅವರ ಲೆಕ್ಕ. ಸುಮಾರು 30,000 ಮಕ್ಕಳು ಆ ಸಾಲಿನಲ್ಲಿ ಇದ್ದರು. ಮಣ್ಣು ಚೆನ್ನಾಗಿದ್ದುದೇ ಅವರಿಗೆ ಮುಳುವಾಯಿತು. ಇದನ್ನು ಓದಿದಾಗ ನನಗೆ ಬಹಳ ಹೊತ್ತು ಬೇರೆ ಕೆಲಸ ಮಾಡಲು ಆಗಲಿಲ್ಲ.

ಇಷ್ಟರ ನಡುವೆ ಅಕ್ಕಪಕ್ಕದವರೇ ಒಬ್ಬರನ್ನೊಬ್ಬರು ಕೊಂದರು. 1943ರಲ್ಲಿ ಹೊಳೆಯ ಆಚೆ ಉಕ್ರೇನಿಯನ್ ಬಂಡಾಯ ಪಡೆ ಹತ್ತಾರು ಸಾವಿರ ಪೋಲರನ್ನು ಕೊಂದಿತು. 1944ರ ಮಾರ್ಚ್‌ನಲ್ಲಿ ಹೊಳೆಯ ಈಚೆ, ಇದೇ ಜಿಲ್ಲೆಯ ಸಾಹ್ರಿನ್ ಹಳ್ಳಿಯಲ್ಲಿ, ಪೋಲಿಷ್ ಪಡೆ ನೂರಾರು ಉಕ್ರೇನಿಯರನ್ನು ಕೊಂದಿತು. ಎರಡೂ ಕಡೆ ಸತ್ತವರಲ್ಲಿ ಹೆಂಗಸರು ಮಕ್ಕಳು ಇದ್ದರು. ಒಂದನ್ನು ಹೇಳಿ ಇನ್ನೊಂದನ್ನು ಬಿಡುವುದು ತಪ್ಪು ಅಂತ ಎರಡನ್ನೂ ಬರೆದಿದ್ದೇನೆ. 1947ರಲ್ಲಿ ಪೋಲೆಂಡಿನ ಹೊಸ ಸರಕಾರ ಆಗ್ನೇಯ ಭಾಗದಲ್ಲಿ ಉಳಿದಿದ್ದ ಸುಮಾರು 1,40,000 ಉಕ್ರೇನಿಯರನ್ನು ಕಿತ್ತು ದೇಶದ ಪಶ್ಚಿಮ ಮತ್ತು ಉತ್ತರಕ್ಕೆ ಚದುರಿಸಿತು. ಹಳ್ಳಿಗಳು ಖಾಲಿ ಬಿದ್ದವು.

ಕೊನೆಗೆ 1951. ಫೆಬ್ರವರಿಯಲ್ಲಿ ಪೋಲೆಂಡ್ ಮತ್ತು ಸೋವಿಯತ್ ಒಕ್ಕೂಟ ತಲಾ 480 ಚದರ ಕಿಲೋಮೀಟರ್ ನೆಲ ಅದಲುಬದಲು ಮಾಡಿಕೊಂಡವು. ಹ್ರುಬ್ಯೆಶೂಫ್‌ನ ದಕ್ಷಿಣದ ಒಂದು ಭಾಗ ಸೋವಿಯತ್‌ಗೆ ಹೋಯಿತು, ಅಲ್ಲಿ ಕಲ್ಲಿದ್ದಲು ಇತ್ತು. ಬದಲಿಗೆ ಸಿಕ್ಕಿದ್ದು ಬೆಟ್ಟದ ಕಡೆಯ ನೆಲ. ಜನ ಮತ್ತೆ ಗಂಟುಮೂಟೆ ಕಟ್ಟಿದರು.

ನಿಮ್ಮದು ನೀರಿಗೆ ಹೋದ ಊರು. ಅಣೆಕಟ್ಟಿನ ನೀರು ಯಾರದೋ ಹೊಲಕ್ಕೆ ಹೋಗುತ್ತದೆ ಅನ್ನುವ ಸಮಾಧಾನ ಒಂದಾದರೂ ನಿಮಗಿದೆ. ಆದರೆ ಹಳೇ ಮನೆಯ ಕಟ್ಟೆ, ಓಣಿಯ ಬೇವಿನ ಗಿಡ ನೆನೆಸಿಕೊಳ್ಳುವ ಸಂಕಟ ಅಲ್ಲಿನ ಮುದುಕಿಯರಿಗೂ ಇದೇ ಥರ ಇತ್ತು ಅಂತ ನನಗೆ ಅನ್ನಿಸುತ್ತದೆ.

ಪ್ರಶ್ನೆ: ಆ ಕಡೆ ಎರಡು ಅಳತೆಯ ರೈಲು ಹಳಿ ಇವೆಯಂತೆ, ಯಾಕೆ?
— ವಿದ್ಯಾರ್ಥಿ, ವಿಜಯಪುರ

ಉತ್ತರ: ಗದಗ–ಸೊಲ್ಲಾಪುರ ದಾರಿಯಲ್ಲಿ ಮೀಟರ್ ಗೇಜ್, ಅಂದರೆ ಈಗಿನದಕ್ಕಿಂತ ಕಡಿಮೆ ಅಗಲದ ಹಳಿ, ಇದ್ದದ್ದು ನಿಮ್ಮ ಮನೆಯ ಹಿರಿಯರಿಗೆ ನೆನಪಿರುತ್ತದೆ, ಕೇಳಿ. ಪೋಲೆಂಡಿನ ಹಳಿ 1,435 ಮಿಲಿಮೀಟರ್ ಅಗಲ, ಸೋವಿಯತ್‌ನದು 1,520. ಗಡಿಯಲ್ಲಿ ಸರಕು ಇಳಿಸಿ ಏರಿಸುವ ತಾಪತ್ರಯ ತಪ್ಪಿಸಲು 1970ರ ದಶಕದಲ್ಲಿ ಹ್ರುಬ್ಯೆಶೂಫ್ ಗಡಿಯಿಂದ ಪಶ್ಚಿಮದ ಸ್ವಾವ್ಕೂಫ್‌ವರೆಗೆ, ಸುಮಾರು 395 ಕಿಲೋಮೀಟರ್, ಅಗಲ ಹಳಿಯನ್ನೇ ಹಾಕಿದರು. 1979ರಲ್ಲಿ ಓಡಾಟ ಶುರುವಾಯಿತು. ಉಕ್ಕಿನ ಕಾರ್ಖಾನೆಗಳಿಗೆ ಅದಿರು ತರುವುದು ಮುಖ್ಯ ಕೆಲಸ. ಈಗಲೂ ಗೂಡ್ಸ್ ಓಡುತ್ತವೆ.

ಪ್ರಶ್ನೆ: ಆ ಊರಿನಲ್ಲಿ ಹುಟ್ಟಿದ ದೊಡ್ಡ ಮನುಷ್ಯರು ಯಾರು?
— 9ನೇ ತರಗತಿ, ಗೋಕಾಕ

ಉತ್ತರ: ಮೂವರನ್ನು ಹೇಳುತ್ತೇನೆ ಮಗು. ಪೋಲೆಂಡಿನ ದೊಡ್ಡ ಕಾದಂಬರಿಕಾರ ಬೊಲೆಸ್ವಾಫ್ ಪ್ರೂಸ್, ಹುಟ್ಟಿದ್ದು 1847ರಲ್ಲಿ. ಗಡಿಯಾರ ರಿಪೇರಿ ಮಾಡುತ್ತಾ ಲೆಕ್ಕ ಮಾಡುವ ಯಂತ್ರ ಕಟ್ಟಿದ ಅಬ್ರಹಾಂ ಸ್ಟರ್ನ್, ಅವರ ಬುದ್ಧಿಯನ್ನು ಗುರುತಿಸಿ ವಾರ್ಸಾಗೆ ಕರೆಸಿಕೊಂಡವರು ಮೇಲೆ ಹೇಳಿದ ಸ್ತಾಶಿತ್ಸ್. ಮೂರನೆಯವರು ಹೆನ್ರಿ ಒರೆನ್‌ಸ್ಟೈನ್, 1923ರಲ್ಲಿ ಹುಟ್ಟಿದ ಯಹೂದಿ ಹುಡುಗ. ನಾಜಿ ಕ್ಯಾಂಪುಗಳಲ್ಲಿ ಬದುಕಿ ಉಳಿದು ಅಮೆರಿಕಕ್ಕೆ ಹೋಗಿ ಆಟಿಕೆ ತಯಾರಿಸಿದರು. ಕಾರು ಮಡಚಿದರೆ ರೋಬೊ ಆಗುವ ಟ್ರಾನ್ಸ್‌ಫಾರ್ಮರ್ ಆಟಿಕೆ ಅಂಗಡಿಗೆ ಬಂದದ್ದರ ಹಿಂದೆ ಅವರಿದ್ದರು.

ಪ್ರಶ್ನೆ: (ಮತ್ತೆ ಜಮಖಂಡಿಯಿಂದ) ಗಡಿಯಲ್ಲೇ ಯುದ್ಧ ನಡೆದಿದೆ ಅಂತ ನಮ್ಮ ಮನೆಯವರು ರಾತ್ರಿ ನಿದ್ದೆ ಮಾಡುತ್ತಿಲ್ಲ. ಅಳಿಯ ಅಲ್ಲಿರುವುದು ಸರಿನಾ?

ಉತ್ತರ: ಸುಳ್ಳು ಸಮಾಧಾನ ಹೇಳುವುದಿಲ್ಲ. 2022ರ ನವೆಂಬರ್ 15ರಂದು ಇದೇ ಜಿಲ್ಲೆಯ ಪ್ಶೆವೋದೂಫ್ ಹಳ್ಳಿಯಲ್ಲಿ, ಕಾಳು ಒಣಗಿಸುವ ಜಾಗದ ಹತ್ತಿರ ಕ್ಷಿಪಣಿ ಬಿದ್ದು ಇಬ್ಬರು ಸತ್ತರು. ಕೆಲಸಕ್ಕೆ ಬಂದಿದ್ದ ಹಳ್ಳಿಯ ಜನ. ಆದರೆ ಪೋಲೆಂಡ್ ಯುದ್ಧದಲ್ಲಿ ಇಲ್ಲ, ಅದು ನೇಟೊ ದೇಶ, ಮತ್ತು ಜಿಲ್ಲೆಯ ಜನ ದಿನನಿತ್ಯದ ಬದುಕು ನಡೆಸಿಕೊಂಡು ಹೋಗುತ್ತಿದ್ದಾರೆ. 2022ರಲ್ಲಿ ಉಕ್ರೇನಿನಿಂದ ಬಂದವರಿಗೆ ಅಲ್ಲಿನ ಜನ ಊಟ, ಹಾಸಿಗೆ ಕೊಟ್ಟು ನೋಡಿಕೊಂಡರು.

ನಿಮ್ಮ ಮನೆಯವರಿಗೆ ಹೀಗೆ ಹೇಳಿ. ಅಳಿಯ ವಾರ್ಸಾದ ಭಾರತೀಯ ರಾಯಭಾರ ಕಚೇರಿಯಲ್ಲಿ ತಮ್ಮ ವಿಳಾಸ, ಫೋನ್ ನಂಬರ್ ಬರೆಸಿ ಇಟ್ಟಿರಲಿ. ಅಪಾಯ ಇದ್ದರೆ ಅಲ್ಲಿನ ಸರಕಾರ ಆ ಭಾಗದ ಮೊಬೈಲುಗಳಿಗೆ ಮೆಸೇಜ್ ಕಳಿಸುತ್ತದೆ, ಪೋಲಿಷ್ ಓದಲು ಬಾರದಿದ್ದರೆ ಜೊತೆ ಕೆಲಸ ಮಾಡುವವರಿಂದ ಓದಿಸಿಕೊಳ್ಳಲಿ, ಸುಮ್ನೆ ಅಳಿಸಿ ಹಾಕಬಾರದು. ತುರ್ತಿಗೆ ಅಲ್ಲೂ 112, ನಮ್ಮಲ್ಲಿರುವ ನಂಬರೇ. ಮತ್ತೆ, ರಾತ್ರಿ ಒಂಬತ್ತಕ್ಕೆ ಫೋನ್ ಮಾಡಲು ಹೇಳಿ. ಆಗ ಅಲ್ಲಿ ಸಂಜೆ ನಾಲ್ಕೂವರೆಯೋ ಐದೂವರೆಯೋ ಆಗಿರುತ್ತದೆ, ಬೆಳಕಿದ್ದರೆ ಹೊಲವನ್ನೂ ಇನ್ನೊಮ್ಮೆ ತೋರಿಸುತ್ತಾರೆ.